ಕೆಂಪಕ್ಕ ಒಲ್ಲೆನೆಂದ ಬಾಣಂತನ

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ಅಮರಾಪುರದ ಕಡೆ ಹಿಂದೂಪುರದ ಬಸ್ಸು ತಡವಾಗಿ ಬರುವಷ್ಟೇ ಖಾತ್ರಿಯಾದ ಸಂಗತಿ. ಜಿಲ್ಲೆಯ ಹೆಸರು ಬದಲಾಯಿತು, ಇವೆರಡು ಮಾತ್ರ ಬದಲಾಗಲಿಲ್ಲ. ಅಂಥದ್ದರಲ್ಲಿ ಕೆಂಪಕ್ಕ ತನ್ನ ಒಬ್ಬಳೇ ಮಗಳು ಭವ್ಯಾಗೆ ಫೋನು ಮಾಡಿ, ಹೆರಿಗೆ ಪಾವಗಡದ ಅತ್ತೆ ಮನೆಯಲ್ಲೇ ಆಗಲಿ, ಇಲ್ಲಿಗೆ ಬರುವುದು ಬೇಡ ಎಂದುಬಿಟ್ಟಳು. ಮಾತು ಊರೆಲ್ಲ ಹರಡಿತು. ಮುದುಕಿಗೆ ಜಿಪುಣತನ ಅಂದರು ಕೆಲವರು. ಮಗಳ ಮೇಲೆ ಏನೋ ಮುನಿಸು ಅಂದರು ಇನ್ನು ಕೆಲವರು. ಪಾವಗಡದ ಬೀಗರು, ನಮ್ಮ ಸೊಸೆಯೇನು ಅನಾಥೆಯೇ ಎಂದು ಸಿಟ್ಟಾದರು. ಕಾರಣ ಗೊತ್ತಿದ್ದವರು ಬಾಯಿ ಬಿಡಲಿಲ್ಲ. ಗೊತ್ತಿದ್ದದ್ದು ಅರ್ಧ ಕಾರಣ ಮಾತ್ರ ಎಂಬುದು ಆಮೇಲೆ ತಿಳಿಯಿತು.

ಕೆಂಪಕ್ಕನನ್ನು ಊರವರು ‘ಹುಳದ ಕೆಂಪಕ್ಕ’ ಅನ್ನುತ್ತಾರೆ. ಬೈಗುಳವಲ್ಲ, ಬಿರುದು. ಮನೆಯ ಹಿಂದೆ ತಗಡಿನ ಸೂರಿನ ಹುಳದ ಮನೆ, ಅದರ ಹಿಂದೆ ಹಿಪ್ಪುನೇರಳೆ ತೋಟ, ಅದರಾಚೆ ಒಂದಿಷ್ಟು ಕಡಲೆಕಾಯಿ, ರಾಗಿ. ಗಂಡ ಲಕ್ಷ್ಮೀನರಸಪ್ಪ ಮಾತಿನಲ್ಲಿ ಬಲು ಮಿತವ್ಯಯಿ. ಆ ಮನೆಯ ಮಾತಿನ ಖರ್ಚನ್ನೆಲ್ಲ ಕೆಂಪಕ್ಕನೇ ನೋಡಿಕೊಳ್ಳುತ್ತಾಳೆ. ರೇಷ್ಮೆಹುಳ ಸಾಕುವವರಿಗೆಲ್ಲ ನೇಮಗಳುಂಟು. ಕೆಂಪಕ್ಕನ ನೇಮಗಳ ಮುಂದೆ ದೇವಸ್ಥಾನದವು ಸಡಿಲ. ಸುಣ್ಣದ ನೀರಲ್ಲಿ ಕಾಲದ್ದಿ ಒಳಗೆ ಹೋಗಬೇಕು. ಹುಳ ಇರುವಷ್ಟು ದಿನ ಮನೆಯಲ್ಲಿ ಮೆಣಸಿನಕಾಯಿ ಹುರಿಯುವಂತಿಲ್ಲ. ಮದುವೆಯಾದ ಹೊಸತರಲ್ಲಿ ಮಗ ಮಾರುತಿ ಸೆಂಟು ಪೂಸಿಕೊಂಡು ಬಾಗಿಲಲ್ಲಿ ನಿಂತಾಗ ಅವನನ್ನು ಬಚ್ಚಲಿಗೆ ಅಟ್ಟಿದ್ದಳು. ಹೆಂಡತಿ ಮೆಚ್ಚಿದ್ದಳೋ ಏನೋ, ಹುಳ ಮೆಚ್ಚುವುದಿಲ್ಲ ಎಂಬುದು ಅವಳ ವಾದ. ಮುಟ್ಟಾದವರು, ಸೂತಕದವರು, ಬಾಣಂತಿಯರು ಆ ಹೊಸ್ತಿಲ ಹತ್ತಿರ ಸುಳಿಯುವಂತಿರಲಿಲ್ಲ. ಮೈಲಿಗೆ ತಾಕಿದರೆ ಹುಳ ಗೂಡು ಕಟ್ಟದೆ ಕಪ್ಪಾಗಿ ಸಾಯುತ್ತವೆ ಎಂದು ಅವಳ ಅತ್ತೆ ಹೇಳಿದ್ದಳು. ಅತ್ತೆಯ ಅತ್ತೆಯೂ ಹೇಳಿದ್ದಳಂತೆ.

ಮಾರುತಿಯ ಹೆಂಡತಿ ಶಿವಲಕ್ಷ್ಮಿ ರಾಯದುರ್ಗದ ಕಡೆಯವಳು, ಡಿ. ಹಿರೇಹಾಳ್ ಹತ್ತಿರದ ಊರು. ಅಪ್ಪ ಹುಲುಗಪ್ಪ ದಿನಾ ಗಡಿ ದಾಟಿ ಬಳ್ಳಾರಿಗೆ ಕೂಲಿಗೆ ಹೋಗುತ್ತಿದ್ದವನು. ಒಂದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದರೂ ಅತ್ತೆ ಸೊಸೆಯರ ಕನ್ನಡ ಬೇರೆ ಬೇರೆ ದೇಶದ್ದು. ‘ಏನ್ ಮಾಡಾಕತ್ತೀರಿ ಅತ್ತಿ?’ ಎಂದು ಮೊದಲ ದಿನ ಸೊಸೆ ಕೇಳಿದಾಗ, ‘ಏನೂ ಹಾಕಿಲ್ಲ ಕಣಮ್ಮಿ, ಇನ್ನು ಮ್ಯಾಲೆ ಸೊಪ್ಪು ಹಾಕ್ಬೇಕು’ ಅಂದಿದ್ದಳು ಕೆಂಪಕ್ಕ. ಇಬ್ಬರಿಗೂ ತೆಲುಗು ಬರುತ್ತಿದ್ದುದರಿಂದ ಮೊದಲ ತಿಂಗಳು ಸಂಸಾರ ತೆಲುಗಿನಲ್ಲೇ ಸಾಗಿತು. ಶಿವಲಕ್ಷ್ಮಿ ಎಲ್ಲರಿಗೂ ‘ರಿ’ ಹಚ್ಚಿ ಮಾತಾಡುವಳು. ಹುಳಗಳಿಗೂ ಬಿಡಲಿಲ್ಲ. ಸೊಪ್ಪು ಹರಡುತ್ತಾ, ‘ತಿನ್ರಿ, ತಿನ್ರಿ’ ಎಂದು ಉಪಚಾರ ಮಾಡುತ್ತಿದ್ದಳು. ಹುಳಕ್ಕೆ ಮರ್ಯಾದೆ ಕೊಡುವ ಸೊಸೆ ಬಂದಳೆಂದು ಕೆಂಪಕ್ಕ ಬೀದಿಯಲ್ಲಿ ಆಡಿಕೊಂಡು ನಕ್ಕಳು. ಒಳಗೊಳಗೇ ಹಿಗ್ಗಿದಳು. ಆ ಹುಡುಗಿಯ ಕೈ ಅಷ್ಟು ಹಗುರ. ಹಣ್ಣಾದ ಹುಳವನ್ನು, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ತಯಾರಾದ ಹುಳವನ್ನು, ಬೆರಳಿಗೆ ಹತ್ತಿಸಿಕೊಂಡು ಚಂದ್ರಿಕೆಯ ಬಿದಿರಿನ ಸುತ್ತುಗಳಿಗೆ ಬಿಡುವಾಗ ಒಂದೂ ನೋಯುತ್ತಿರಲಿಲ್ಲ.

ಆ ಹಗುರ ಕೈಯೇ ಅವಳು ತವರಿಗೆ ಹೋಗುವುದು ತಡವಾಗಲು ಕಾರಣವಾಯಿತು. ಶಿವಲಕ್ಷ್ಮಿ ಬಸುರಾಗಿ ಏಳು ತುಂಬಿದಾಗ ಹುಲುಗಪ್ಪನೂ ಅವನ ಹೆಂಡತಿ ಲಕ್ಷ್ಮಕ್ಕನೂ ಸೀರೆ, ಬಳೆ, ಹಣ್ಣು ತಂದು ಮಡಿಲು ತುಂಬಿ, ಮಗಳನ್ನು ಕಳಿಸಿಕೊಡಿ ಎಂದರು. ಕೆಂಪಕ್ಕ, ಈ ಬೆಳೆ ಮುಗಿಯಲಿ ಅಂದಳು. ಮುಗಿಯಿತು. ಅಷ್ಟರಲ್ಲಿ ಇನ್ನೊಂದು ಬೆಳೆಯ ಮರಿಹುಳ ಬಂದಿದ್ದವು. ಶಿವಲಕ್ಷ್ಮಿಯೇ, ಇದೊಂದು ಮುಗಿಸಿ ಬರ್ತೀನಿ ಎಂದು ತಾಯಿಗೆ ಫೋನಿನಲ್ಲಿ ಹೇಳಿದಳು. ಸೊಸೆ ತಾನಾಗಿ ಹೇಳಿದಳೋ, ಅತ್ತೆಯ ಮುಖ ನೋಡಿ ಹೇಳಿದಳೋ ಎಂಬುದು ಇವತ್ತಿಗೂ ಹಿರೇಹಾಳಿನಲ್ಲಿ ಚರ್ಚೆಯಾಗುತ್ತದೆ.

ಆ ಬೆಳೆ ಹಣ್ಣಾದ ದಿನ. ಹುಳ ಹಣ್ಣಾದರೆ ಕಾಯುವುದಿಲ್ಲ. ಮನೆಮಂದಿಯೆಲ್ಲ ಬೆಳಿಗ್ಗೆಯಿಂದ ಸೊಂಟ ನೆಟ್ಟಗೆ ಮಾಡದೆ ಹುಳ ಆರಿಸುತ್ತಿದ್ದರು. ತುಂಬುಬಸುರಿ ಶಿವಲಕ್ಷ್ಮಿ ಕೂತಲ್ಲೇ ಕೂತು ಮಾಡುತ್ತೇನೆಂದು ಒಳಗೆ ಬಂದಿದ್ದಳು. ಎದ್ದು ನಿಂತಳು. ನೀರೊಡೆದು, ತಟ್ಟೆಗಳ ಸಾಲಿನ ನಡುವೆ ನೆಲವೆಲ್ಲ ಒದ್ದೆಯಾಯಿತು.

ಆಗ ಕೆಂಪಕ್ಕ ಏನಂದಳು ಎಂಬುದನ್ನು ಬೇರೆ ಯಾರೂ ಕೇಳಿಸಿಕೊಳ್ಳಲಿಲ್ಲ. ಗಂಡಸರು ಹೊರಗೆ ಚಂದ್ರಿಕೆ ಎತ್ತಿ ನಿಲ್ಲಿಸುತ್ತಿದ್ದರು. ಶಿವಲಕ್ಷ್ಮಿ ಬೆರಳ ಮೇಲಿದ್ದ ಹುಳವನ್ನು ಮೆಲ್ಲಗೆ ಚಂದ್ರಿಕೆಗೆ ಬಿಟ್ಟು, ಗೋಡೆ ಹಿಡಿದುಕೊಂಡು ಹೊರಗೆ ಬಂದಳಂತೆ. ಕೆಂಪಕ್ಕ ಕೂಡಲೇ ಹಿಂದೆ ಬರಲಿಲ್ಲ.

ನೂರೆಂಟು ದೇವರಿಗೆ ಕೈ ಮುಗಿದರೂ ಹೊತ್ತಿಗೆ ಬರದ ನೂರೆಂಟರ ಗಾಡಿ ಅವತ್ತು ಬೇಗ ಬಂತು. ಮಡಕಶಿರದ ಆಸ್ಪತ್ರೆಯಲ್ಲಿ ನೋಡಿ, ಎಲ್ಲ ಸರಿಯಿದೆ, ಚೊಚ್ಚಲು ತಾನೆ, ಹಿಂದೂಪುರಕ್ಕೇ ಹೋಗಿ ಅಂದರು. ದಾರಿಯುದ್ದಕ್ಕೂ ಶಿವಲಕ್ಷ್ಮಿ ನೋವಿನ ನಡುವೆ ತಮಾಷೆ ಮಾಡುತ್ತಲೇ ಇದ್ದಳು. ಹುಳ ಪೊರೆ ಬಿಡಲು ಮೇವು ಬಿಟ್ಟು ಮಂಕಾಗಿ ಮಲಗುವುದಕ್ಕೆ ನಮ್ಮವರು ‘ಜ್ವರ’ ಅನ್ನುತ್ತಾರೆ. ಹುಟ್ಟಿದ ಹುಳಕ್ಕೆ ನಾಲ್ಕು ಸಲ ಜ್ವರ, ಆಮೇಲೆ ಗೂಡು.

‘ಹುಳ ನಾಕ ಜ್ವರಕ್ಕ ಮುಗಸ್ತಾವಲ್ರಿ ಅತ್ತಿ. ನಂದು ಐದನೇದು ನೋಡ್ರಿ ಇದು’ ಅಂದಳು.

‘ಬಿಡ್ತು ಅನ್ನು’ ಎಂದು ಗದರಿದಳು ಕೆಂಪಕ್ಕ.

ಆಸ್ಪತ್ರೆಯಲ್ಲೂ ಎಲ್ಲ ಸರಿಯಿತ್ತು. ಡಾಕ್ಟರು ಚಂದ್ರಕಲಾ ಬಂದು ನೋಡಿ, ಸಂಜೆಯೊಳಗೆ ಆಗುತ್ತದೆ ಎಂದು ನಕ್ಕು ಹೋದರು. ಶಿವಲಕ್ಷ್ಮಿ ಕಾಫಿ ಬೇಕೆಂದಳು. ಕೊಡಬಾರದು ಎಂದು ನರ್ಸು ಹೇಳಿದ್ದಕ್ಕೆ ಮುಖ ಊದಿಸಿಕೊಂಡಳು. ಆಮೇಲೆ ಕೆಮ್ಮಿದಳು. ಒಣ ಕೆಮ್ಮು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ‘ಅತ್ತಿ, ಉಸರು…’ ಎಂದು ಕೆಂಪಕ್ಕನ ಮಣಿಕಟ್ಟು ಹಿಡಿದಳು. ಕೆಂಪಕ್ಕ ನೋಡನೋಡುತ್ತಿದ್ದಂತೆ ತುಟಿ ನೀಲಿಯಾಯಿತು, ಕಣ್ಣು ಮೇಲಾಯಿತು, ಮೈ ಸೆಟೆದುಕೊಂಡಿತು. ಹಿಡಿದ ಕೈ ತಾನಾಗಿ ಸಡಿಲವಾಯಿತು. ಎಲ್ಲೆಲ್ಲಿದ್ದವರೋ ಓಡಿ ಬಂದರು. ಕೆಂಪಕ್ಕನನ್ನು ಹೊರಗೆ ನೂಕಿ ಬಾಗಿಲು ಹಾಕಿದರು.

ಒಳಗೆ ಒಬ್ಬರು ನಿಂತುಹೋದ ಎದೆಯನ್ನು ಒತ್ತುತ್ತಲೇ ಇದ್ದರಂತೆ, ಚಂದ್ರಕಲಾ ಹೊಟ್ಟೆ ಕೊಯ್ದು ಮಗುವನ್ನು ತೆಗೆದರಂತೆ. ಮಗು ಅಳಲಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಓಡಿಕೊಂಡು ಹೋದರು. ತಾಯಿಯ ಎದೆ ಒಮ್ಮೆ ಮತ್ತೆ ಬಡಿದುಕೊಂಡಿತು. ಮಾರುತಿ ಗೋಡೆಗೆ ಹಣೆ ಹಚ್ಚಿ ನಿಂತ. ಅಷ್ಟರಲ್ಲಿ ರಕ್ತ ಹೋಗತೊಡಗಿತು. ಗಾಯದಿಂದ, ಸೂಜಿ ಚುಚ್ಚಿದ ಕಡೆಯಿಂದಲೂ. ಹೆಪ್ಪುಗಟ್ಟುವ ಗುಣವನ್ನೇ ರಕ್ತ ಮರೆತ ಹಾಗೆ. ಮಾರುತಿಯ ಗೆಳೆಯರು, ನೂರೆಂಟರ ಡ್ರೈವರು, ಬೇರೆ ಯಾರದೋ ಹೆರಿಗೆಗೆ ಬಂದಿದ್ದ ಅಪರಿಚಿತರು ಸಾಲಾಗಿ ಮಲಗಿ ರಕ್ತ ಕೊಟ್ಟರು. ಒಂದು ಕಡೆಯಿಂದ ಏರಿಸಿದ್ದು ಇನ್ನೊಂದು ಕಡೆಯಿಂದ ಹೋಯಿತು. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಿತು.

ಬಸಿರ ನೀರು ಹೇಗೋ ರಕ್ತಕ್ಕೆ ಸೇರಿತ್ತು ಎಂದು ಡಾಕ್ಟರು ಮಾರುತಿಗೆ ಹೇಳಿದರು. ಅವನ ಕಿವಿಗೆ ಅದು ಹೋಗಲಿಲ್ಲ. ನಮ್ಮ ಸೀಮೆಯಲ್ಲಿ ನೀರಿಲ್ಲದೆ ಸಾಯುವುದು ಎಲ್ಲರಿಗೂ ಅರ್ಥವಾಗುತ್ತದೆ, ಒಳಗಿನ ನೀರೇ ಕೊಲ್ಲುತ್ತದೆ ಎಂದರೆ ಯಾರು ನಂಬಬೇಕು?

ಊರಿಗೆ ಬೇರೆಯೇ ಕಾರಣ ಸಿಕ್ಕಿತ್ತು. ಶವ ಮನೆಗೆ ಬಂದಾಗ ಹಿಂದಿನ ತಗಡಿನ ಮನೆಯಲ್ಲಿ ಹುಳಗಳು ಒಂದೂ ತಪ್ಪದೆ ಗೂಡು ಕಟ್ಟುತ್ತಿದ್ದವು. ಅಷ್ಟು ಗಟ್ಟಿಯಾದ, ಬೆಳ್ಳಗಿನ ಗೂಡು ಆ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಹಿಂದೂಪುರದ ಮಾರ್ಕೆಟ್ಟಿನಲ್ಲಿ ಕೊಂಡವರು ಹೊಗಳಿದರು. ಮೈಲಿಗೆಯಾದರೂ ಹುಳ ಸಾಯಲಿಲ್ಲ, ಬದಲಿಗೆ ಬಲಿ ತಗೊಂಡವು ಎಂದು ಊರು ತೀರ್ಮಾನಿಸಿತು. ಮಗಳನ್ನು ಮಣ್ಣು ಮಾಡಿ ಬಂದ ಲಕ್ಷ್ಮಕ್ಕ ಬೀಗತಿಯ ಮುಂದೆ ನಿಂತು ಒಂದೇ ಮಾತು ಹೇಳಿದಳು: ‘ನಿಮಗ ನಿಮ್ಮ ಹುಳ ಹೆಚ್ಚಾದವು ಅಲ್ರಿ.’ ಕೆಂಪಕ್ಕ ಅತ್ತದ್ದನ್ನು ಆ ದಿನ ಯಾರೂ ನೋಡಲಿಲ್ಲ. ಅತ್ತೆ ಅತ್ತಿದ್ದರೂ ಯಾರೂ ನಂಬುತ್ತಿರಲಿಲ್ಲ ಅನ್ನಿ.

ಹೆರಿಗೆಯಲ್ಲಿ ಸತ್ತವಳು ಮಗುವನ್ನು ಹುಡುಕಿಕೊಂಡು ಬರುತ್ತಾಳೆಂಬುದು ನಮ್ಮಲ್ಲಿ ಹಳೆಯ ಭಯ. ಊರಿನ ಹಿರಿಯ ಚಿಕ್ಕತಿಮ್ಮಯ್ಯ ಮಸಣದ ದಾರಿಯುದ್ದಕ್ಕೂ ಸಾಸಿವೆ ಚೆಲ್ಲಿ, ಹೊಸ್ತಿಲಿಗೆ ಕಬ್ಬಿಣದ ಮೊಳೆ ಬಡಿದು ಹೋದ. ಮಾರನೆಯ ಬೆಳಿಗ್ಗೆ ಕೆಂಪಕ್ಕ ಇಕ್ಕಳ ತಂದು ಆ ಮೊಳೆಯನ್ನು ಕಿತ್ತೆಸೆದಳು. ಕೇಳಿದವರಿಗೆ, ‘ಅವಳ ಮನೆ. ಅವಳ ಮಗ. ಬಂದ್ರೆ ಬರ್ಲಿ’ ಅಂದಳು. ಮಗ ಎಂದದ್ದು ಬಾಯಿತಪ್ಪಿ. ಹುಟ್ಟಿದ್ದು ಹೆಣ್ಣು, ಇನ್ನೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು, ಕೆಂಪಕ್ಕ ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

ಮೊಳೆ ಕಿತ್ತ ಮೇಲೆ ಶಿವಲಕ್ಷ್ಮಿ ಬಂದಳು. ಕೆಂಪಕ್ಕ ಇದನ್ನು ಗುಟ್ಟು ಮಾಡಲಿಲ್ಲ, ದೊಡ್ಡದೂ ಮಾಡಲಿಲ್ಲ. ಹುಳ ಸೊಪ್ಪು ತಿನ್ನುವಾಗ ತುಂತುರು ಮಳೆ ಬಿದ್ದಂಥ ಸದ್ದಾಗುತ್ತದೆ. ಮುಂದಿನ ಬೆಳೆಯಲ್ಲಿ, ಆ ಸದ್ದಿನೊಳಗಿಂದ, ಹಾಡುಹಗಲು, ‘ತಿನ್ರಿ, ತಿನ್ರಿ’ ಎಂದು ಕೇಳಿಸಿತಂತೆ. ಒಂದು ಸಲವಲ್ಲ, ಸೊಪ್ಪು ಹಾಕಿದಾಗಲೆಲ್ಲ. ಬೀದಿಯ ಹೆಂಗಸರು ಮಂತ್ರಿಸಿದ ದಾರ ಕಟ್ಟಿಸಿಕೋ ಎಂದರು.

‘ಹೆದರಿಸಿದ್ರೆ ಓಡಿಸಬೋದಿತ್ತು ಕಣ್ರವ್ವ. ಅವಳು ಹೆದರಿಸಲ್ಲ. ಕೆಲ್ಸ ಮಾಡ್ತಾಳೆ’ ಅಂದಳು ಕೆಂಪಕ್ಕ.

ಅಂದಿನಿಂದ ಹುಳದ ಕೆಂಪಕ್ಕ ಹುಳದ ಮನೆಯೊಳಗೆ ಕಾಲಿಡಲಿಲ್ಲ. ಬೆಳೆ ನಿಲ್ಲಿಸಲಿಲ್ಲ, ಮಾರುತಿ ಕೂಲಿಯವರನ್ನಿಟ್ಟುಕೊಂಡು ನಡೆಸಿದ. ಕೆಂಪಕ್ಕ ಹೊರಗೆ ಬೇವಿನ ನೆರಳಲ್ಲಿ ಕೂತು, ಕಾಲ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡು, ಮಡಚಿಕೊಂಡೇ ಇರುವ ಅದರ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ತಿಕ್ಕುತ್ತಿದ್ದಳು. ತಾಯಿಯ ಉಸಿರು ನಿಂತಷ್ಟು ಹೊತ್ತು ಮಗುವಿಗೂ ಉಸಿರಿಲ್ಲದೆ ಮಿದುಳಿಗೆ ಪೆಟ್ಟಾಗಿದೆ ಎಂದಿದ್ದರು ಡಾಕ್ಟರು. ದೀಕ್ಷಾ ಎಂದು ಹೆಸರಿಟ್ಟರು. ಕೂರುವುದು ತಡ, ನಡೆಯುವುದು ತಡ, ಮಾತು ಇನ್ನೂ ತಡ. ನಗುವುದರಲ್ಲಿ ಮಾತ್ರ ಅವಸರ. ಅದು ಅಮ್ಮನದೇ ನಗು, ಕೆಂಪಕ್ಕನಿಗೆ ಅದೇ ಕಷ್ಟ.

ಇಷ್ಟು ಊರಿಗೆ ಗೊತ್ತಿದ್ದ ಅರ್ಧ. ಈಗ ಭವ್ಯಾ.

ಬೇಡವೆಂದರೂ ಅವಳು ಬಂದಳು. ಗಂಡ ಮುತ್ತುರಾಜ್ ಬಸ್ಸಿನಿಂದ ಬ್ಯಾಗುಗಳನ್ನಿಳಿಸಿ, ಅತ್ತೆಗೆ ನಮಸ್ಕಾರ ಹೇಳಿ, ಬಂದ ಬಸ್ಸಿಗೇ ವಾಪಸು ಹೊರಟ. ಬುದ್ಧಿವಂತ ಅಳಿಯ. ಭವ್ಯಾ ಜಗಲಿಯ ಮೇಲೆ ಕಾಲು ಚಾಚಿ ಕೂತಳು.

‘ಒಳಗೆ ಕರಿ.’

‘ಕರಿಯಲ್ಲ’ ಎಂದಳು ಕೆಂಪಕ್ಕ ಬಾಗಿಲಲ್ಲಿ ನಿಂತು. ‘ಒಬ್ಬಳನ್ನ ತಿಂದಿದೀನಿ, ಸಾಕು. ನಾನಿರೋ ಕಡೆ ನೀನು ಹೆರಬೇಡ.’

‘ಊರೋರು ಅಂದದ್ದನ್ನ ನೀನೂ ಅನ್ನಕ್ಕೆ ಶುರು ಮಾಡ್ದಾ?’

‘ಊರೋರಿಗೇನ್ ಗೊತ್ತೈತೆ? ಅವರು ಹುಳ ಅಂತಾರೆ. ಹುಳಕ್ಕೆ ಮಾತಾಡೋ ಬಾಯೆಲ್ಲೈತೆ.’

ಭವ್ಯಾಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಲಕ್ಷ್ಮೀನರಸಪ್ಪ ಹೊಲದಿಂದ ಬಂದ. ಹೆಂಡತಿಯನ್ನೂ ನೋಡಿದ, ಮಗಳನ್ನೂ ನೋಡಿದ, ಎರಡೂ ಬ್ಯಾಗು ಎತ್ತಿಕೊಂಡು ಹೆಂಡತಿಯ ಪಕ್ಕದಿಂದಲೇ ಒಳಗೆ ಹೋದ. ಆ ಮನೆಯಲ್ಲಿ ಅಪ್ಪ ಗೆದ್ದದ್ದು ಅದೇ ಮೊದಲು, ಅದೂ ಬಾಯಿ ಬಿಡದೆ ಎಂದು ಭವ್ಯಾ ಈಗಲೂ ಹೇಳುತ್ತಾಳೆ.

ಮಗಳು ಒಳಗೆ ಬಂದ ಮೇಲೆ ಕೆಂಪಕ್ಕನ ಮೈಯೆಲ್ಲ ಕಿವಿಯಾಯಿತು. ಭವ್ಯಾ ಕೆಮ್ಮಿದರೆ ಓಡಿ ಬರುತ್ತಾಳೆ. ಒಗ್ಗರಣೆ ಘಾಟಿಗೆ ಕೆಮ್ಮಿದರೂ ತುಟಿಯ ಬಣ್ಣ ನೋಡುತ್ತಾಳೆ. ನಿದ್ದೆಯಲ್ಲಿ ಉಸಿರು ನಿಧಾನವಾದರೆ ಅಲುಗಾಡಿಸಿ ಎಬ್ಬಿಸುತ್ತಾಳೆ. ತವರಿಗೆ ವಿಶ್ರಾಂತಿಗೆ ಬಂದೆನೋ ಪೊಲೀಸ್ ಠಾಣೆಗೆ ಬಂದೆನೋ ಎಂದು ಮಗಳು ಗೊಣಗಿದಳು. ಒಂದು ಮಾತಿನಲ್ಲಿ ಮಾತ್ರ ಇಬ್ಬರೂ ಒಂದಾದರು: ರಕ್ತವೂ ಆಪರೇಶನ್ ಕೋಣೆಯೂ ಇರುವ ಕಡೆಯೇ ಹೆರಿಗೆಯಾಗಬೇಕು. ಹಾಗಾಗಿ ಹಿಂದೂಪುರ, ಅದೇ ಆಸ್ಪತ್ರೆ, ಅದೇ ಚಂದ್ರಕಲಾ.

ತಪಾಸಣೆಗೆ ಹೋದ ದಿನ ಡಾಕ್ಟರು ಭವ್ಯಾಳನ್ನು ನೋಡಿ, ಎಲ್ಲ ಸರಿಯಿದೆ ಎಂದರು. ಕೆಂಪಕ್ಕ ಆ ಮಾತನ್ನು ನಂಬಲಿಲ್ಲ. ಅವತ್ತೂ ಎಲ್ಲ ಸರಿಯೇ ಇತ್ತು ತಾನೆ? ಆಗ ಚಂದ್ರಕಲಾ ಆ ಮುಖವನ್ನು ಗುರುತು ಹಿಡಿದರು. ತುಮಕೂರಿನ ಹೆಣ್ಣುಮಗಳು, ಕೆಂಪಕ್ಕನ ಕನ್ನಡವೇ ಅವರದೂ. ಕುರ್ಚಿ ಎಳೆದು ಎದುರಿಗೆ ಕೂತರು. ಕೂತದ್ದೇ ಸಾಕಾಯಿತು, ಇಷ್ಟು ವರ್ಷ ಗಂಡನಿಗೂ ಹೇಳದ್ದು ಕೆಂಪಕ್ಕನ ಬಾಯಿಂದ ಬಂತು.

‘ಹುಳದ ಮನೇಲಿ ನೀರು ಹೋಯ್ತು ಮೇಡಂ. ನಾನು ಅವಳ ಕೈ ಹಿಡೀಲಿಲ್ಲ. ಮೊದ್ಲು ಹೊರಗೋಗು, ಹುಳಕ್ಕೆ ಮೈಲಿಗೆ ಆಗ್ತೈತೆ ಅಂದೆ. ಅವಳು ಹೋದಳು. ನಾನು ಹಿಂದೆ ಹೋಗ್ಲಿಲ್ಲ. ಸುಣ್ಣ ಹಾಕಿ ನೆಲ ಒರಸ್ತಾ ಕೂತೆ.’

ಭವ್ಯಾ ತಾಯಿಯನ್ನು ಹೊಸದಾಗಿ ನೋಡುವಂತೆ ನೋಡಿದಳು. ಡಾಕ್ಟರು ನಿಧಾನವಾಗಿ ಹೇಳಿದರು. ಮಗುವಿನ ಸುತ್ತಲ ನೀರು ಒಮ್ಮೊಮ್ಮೆ ತಾಯಿಯ ರಕ್ತನಾಳಕ್ಕೆ ಸೇರುತ್ತದೆ. ಎಷ್ಟೋ ಮಂದಿಗೆ ಸೇರಿದರೂ ಏನೂ ಆಗುವುದಿಲ್ಲ. ಲಕ್ಷ ಹೆರಿಗೆಗೆ ಎಲ್ಲೋ ಕೆಲವರ ಮೈ ಮಾತ್ರ ಅದಕ್ಕೆ ರೇಗಿಬೀಳುತ್ತದೆ. ಉಸಿರು, ಎದೆ, ರಕ್ತ ಒಂದರ ಹಿಂದೊಂದು ಕೈಕೊಡುತ್ತವೆ. ಯಾರಿಗೆ ಆಗುತ್ತದೆಂದು ಮುಂಚೆ ಹೇಳಲು ಯಾವ ಪರೀಕ್ಷೆಯೂ ಇಲ್ಲ, ತಡೆಯಲು ಔಷಧವೂ ಇಲ್ಲ. ದುಡಿದದ್ದರಿಂದ ಬರುವುದಲ್ಲ, ತವರಿಗೆ ತಡವಾದದ್ದರಿಂದಲೂ ಅಲ್ಲ. ಬೇಗ ಕೈಗೆ ಸಿಕ್ಕರೆ ಕೆಲವರು ಉಳಿಯುತ್ತಾರೆ, ಕೈಯಲ್ಲೇ ಇದ್ದರೂ ಕೆಲವರು ಹೋಗುತ್ತಾರೆ. ಶಿವಲಕ್ಷ್ಮಿ ಆಸ್ಪತ್ರೆಯಲ್ಲೇ ಇದ್ದದ್ದರಿಂದ ಮಗುವಾದರೂ ಉಳಿಯಿತು.

‘ನೀವು ಹಾಗಂದದ್ದು ತಪ್ಪಿರಬಹುದು ಅಮ್ಮ. ಅದು ನಿಮಗೂ ಅವಳಿಗೂ ಬಿಟ್ಟದ್ದು. ಅವಳು ಸತ್ತದ್ದು ಅದರಿಂದಲ್ಲ’ ಎಂದರು ಡಾಕ್ಟರು.

‘ಹಂಗಾದ್ರೆ ಯಾರಿಂದ?’

‘ಯಾರಿಂದಲೂ ಅಲ್ಲ. ನಾನೂ ಹುಡುಕಿದೆ. ಇವತ್ತಿಗೂ ಒಂದೊಂದು ಹೆರಿಗೆಯಲ್ಲಿ ಯಾರಾದರೂ ಕೆಮ್ಮಿದರೆ ನನ್ನ ಕೈ ನಿಲ್ಲುತ್ತೆ.’

ಇದನ್ನು ಕೇಳಿ ಕೆಂಪಕ್ಕನ ಎದೆ ಹಗುರವಾಯಿತು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ, ಎಳನೀರು ಮಾರುವವನ ಎದುರಿಗೇ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ತಪ್ಪು ತನ್ನದು ಎಂದು ನಂಬಿದ್ದಷ್ಟು ದಿನ ಒಂದು ದಾರಿಯಿತ್ತು: ಭವ್ಯಾಳನ್ನು ತನ್ನಿಂದ ದೂರ ಇಟ್ಟರಾಯಿತು, ಮಗಳು ಉಳಿಯುತ್ತಾಳೆ. ಈಗ ಎಲ್ಲಿ ಬಚ್ಚಿಡುವುದು? ಕಾರಣವಿಲ್ಲದ್ದು ಪಾವಗಡಕ್ಕೂ ಬರುತ್ತದೆ, ಅಮರಾಪುರಕ್ಕೂ ಬರುತ್ತದೆ. ಪಾಪ ಹೊತ್ತವಳಿಗೆ ಹೊರೆ ಎಂಬುದೊಂದಾದರೂ ಇರುತ್ತದೆ. ಕೆಂಪಕ್ಕನ ಕೈ ಒಮ್ಮೆಲೇ ಬರಿದಾಯಿತು.

ಭವ್ಯಾ ಪಕ್ಕದಲ್ಲಿ ಕೂತು, ಅಮ್ಮನ ಅಳು ಇಳಿಯುವವರೆಗೆ ಕಾದಳು. ಆಮೇಲೆ ಕೇಳಿದಳು: ‘ನೀನು ಒಳಗೆ ಬತ್ತೀಯ ತಾನೆ ನನ್ ಜೊತೆ?’

ಕೆಂಪಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಎದ್ದು ಬಸ್ಸಿನ ಕಡೆ ನಡೆದಳು.

ನೋವು ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಹಿಂದೂಪುರದಲ್ಲೇ ನೆಂಟರ ಮನೆಯಲ್ಲಿ ಇಳಿದುಕೊಂಡಿದ್ದರಿಂದ ಆಟೋದಲ್ಲಿ ಹೋದರು. ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸು, ಜೊತೆಗೆ ಒಬ್ಬರು ಬರಬಹುದು ಎಂದಳು. ಲಕ್ಷ್ಮೀನರಸಪ್ಪ, ಸುದ್ದಿ ತಿಳಿದು ಬಂದ ಮುತ್ತುರಾಜ್ ಇಬ್ಬರೂ ಕೆಂಪಕ್ಕನ ಕಡೆ ನೋಡಿದರು. ಅವಳು ಬಾಗಿಲ ಪಟ್ಟಿ ಹಿಡಿದು ನಿಂತೇ ಇದ್ದಳು. ಒಳಗಿನಿಂದ ಭವ್ಯಾ ಕೂಗಲಿಲ್ಲ, ಕರೆಯಲಿಲ್ಲ. ಕರೆಯದೇ ಇದ್ದದ್ದಕ್ಕೇ ಇರಬೇಕು, ಕೆಂಪಕ್ಕ ಒಳಗೆ ಹೋದಳು.

ಮಗಳ ಕೈ ಹಿಡಿದು ಕೂತಳು. ‘ಮಾತಾಡ್ತಾ ಇರು’ ಅಂದಳು.

‘ಸಾಯೋ ಹಂಗೆ ನೋವು ಬರ್ತೈತೆ, ಏನ್ ಮಾತಾಡಲವ್ವ?’

‘ಆ ಮಾತು ಬ್ಯಾಡ. ಬೇರೇನಾದ್ರೂ ಮಾತಾಡು. ನಿನ್ ದನಿ ನನಗೆ ಕೇಳಿಸ್ತಾ ಇರ್ಬೇಕು.’

ನೋವಿನ ನಡುವೆ ಸಿಕ್ಕ ಬಿಡುವಿನಲ್ಲಿ ಹೆಣ್ಣುಮಗಳಿಗೆ ಸುಲಭವಾಗಿ ನೆನಪಾಗುವ ವಿಷಯ ಯಾವುದು? ಭವ್ಯಾ ತನ್ನ ಅತ್ತೆಯನ್ನು ಬೈಯತೊಡಗಿದಳು. ಬಸುರಿ ಎಂದು ಗೊತ್ತಿದ್ದೂ ಹಿಟ್ಟು ರುಬ್ಬಿಸಿದ್ದು, ಮೊಸರಿನ ಗಡಿಗೆಯನ್ನು ಅಟ್ಟದ ಮೇಲಿಟ್ಟದ್ದು, ಮಡಕಶಿರದ ಕಡೆಯವರಿಗೆ ಮುದ್ದೆ ಕಟ್ಟಲು ಬರಲ್ಲ ಎಂದು ನೆಂಟರ ಮುಂದೆ ಅಂದದ್ದು. ನೋವು ಬಂದಾಗ ನಿಲ್ಲಿಸಿ, ಇಳಿದಾಗ ಬಿಟ್ಟಲ್ಲಿಂದ ಮುಂದುವರಿಸಿದಳು. ನರ್ಸು ನಗು ತಡೆಯಲಾರದೆ ಆ ಕಡೆ ತಿರುಗಿದಳು. ನೀರೊಡೆದಾಗ ಕೆಂಪಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಆದರೂ, ‘ಆಮ್ಯಾಕೆ ಏನಂದಳು ನಿಮ್ಮತ್ತೆ?’ ಎಂದು ಕೇಳಿದಳು. ಚಂದ್ರಕಲಾ ಮಗಳನ್ನೂ ನೋಡಿದರು, ತಾಯಿಯನ್ನೂ ನೋಡಿದರು, ಕೈಗವಸು ಹಾಕಿಕೊಂಡರು.

ಮಧ್ಯಾಹ್ನ ಗಂಡುಮಗು ಹುಟ್ಟಿತು. ಆಸ್ಪತ್ರೆ ಅದುರುವಂತೆ ಅತ್ತಿತು. ನರ್ಸು ಅದನ್ನು ಒರೆಸಿ ಅಜ್ಜಿಯ ಮುಂದೆ ಹಿಡಿದಳು. ಕೆಂಪಕ್ಕ ನೋಡಲಿಲ್ಲ. ಅವಳ ಕಣ್ಣೆಲ್ಲ ಮಗಳ ತುಟಿಯ ಮೇಲಿತ್ತು. ಭವ್ಯಾ ಸುಸ್ತಾಗಿ ಕಣ್ಣು ಮುಚ್ಚಿದ್ದಳು.

‘ಭವ್ಯಾ.’

‘ಹೂಂ.’

‘ಮಾತಾಡು.’

‘ಮಗ ಹುಟ್ಟಿದಾನೆ, ಅವನ್ನ ಎತ್ಕೊಳದು ಬಿಟ್ಟು ನನ್ನ ಪ್ರಾಣ ತಿಂತೀಯಲ್ಲ’ ಎಂದು ಕಣ್ಣು ಬಿಟ್ಟಳು ಭವ್ಯಾ. ಆಮೇಲೆ ಏನೋ ಹೊಳೆದವಳಂತೆ ಕೇಳಿದಳು: ‘ಅಲ್ಲ, ಬೆಳಿಗ್ಗೆಯಿಂದ ಅಷ್ಟು ಹೇಳಿದೀನಿ, ನೀನು ಒಂದು ಸಲನಾದ್ರೂ ನಮ್ಮತ್ತೇನ ಬೈದ್ಯಾ? ಮೊದಲಾಗಿದ್ರೆ ಫೋನು ಮಾಡಿ ಮಾನ ಕಳೀತಿದ್ದೆ.’

ಕೆಂಪಕ್ಕ ಮಂಚದ ಕಾಲ್ದೆಸೆಗೆ ಹೋಗಿ ಕೂತು, ಹೊದಿಕೆಯೊಳಗೆ ಕೈ ಹಾಕಿ, ಮಗಳ ತಣ್ಣಗಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು.

‘ನೀನೇ ಬೈ. ಏನೂ ಬಿಡಬ್ಯಾಡ’ ಅಂದಳು.

ಭವ್ಯಾಗೆ ಬೇಕಾದದ್ದೂ ಅದೇ. ಇನ್ನೂ ಹೇಳದೆ ಉಳಿದದ್ದು ಬಹಳ ಇತ್ತು. ಪಾವಗಡದ ಮನೆಯ ಒಂದೊಂದೇ ಮಾತು, ಒಂದೊಂದೇ ನೋಟ ತೆಗೆದು ಹೇಳುತ್ತಾ ಹೋದಳು, ದನಿ ನಿದ್ದೆಗೆ ಜಾರುವವರೆಗೂ. ಕೆಂಪಕ್ಕ ನಡುನಡುವೆ ಹೂಂ ಎನ್ನುತ್ತಿದ್ದಳು. ಆ ಅತ್ತೆಯ ಪರವಾಗಿ ಒಂದು ಮಾತಿಲ್ಲ, ವಿರುದ್ಧವಾಗಿಯೂ ಇಲ್ಲ. ಹೊರಗಿನಿಂದ ಬಂದು ನೋಡಿದ ಮುತ್ತುರಾಜನಿಗೆ, ಬೈಸಿಕೊಳ್ಳುತ್ತಿರುವುದು ಕಾಲ ಬಳಿ ತಲೆ ತಗ್ಗಿಸಿ ಕೂತ ಈ ಅತ್ತೆಯೇ ಅನ್ನಿಸಿತಂತೆ.